ಸರ್ ಮುಖ ನೋಡದೆ ಕುಡಿದ ಕಾಫಿ

ಮಕ್ಕಳು ಇಂಟರ್ನ್‌ಶಿಪ್‌ಗೆ ಹೋಗಿ ನಾಲ್ಕು ಮಾತು ಬೈಸಿಕೊಂಡರೆ ಒಳ್ಳೆಯದೇ, ಉಳಿಪೆಟ್ಟು ಬಿದ್ದರೆ ತಾನೇ ಕಲ್ಲು ವಿಗ್ರಹವಾಗೋದು, ಎಂದು ನಮ್ಮ ಕಡೆಯ ಮದುವೆಮನೆಗಳಲ್ಲಿ ಪಂಕ್ತಿಗೆ ಕೂತವರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಅರ್ಚಕರ ಮಗಳು. ವಿಗ್ರಹದ ವಿಷಯ ನನಗೆ ಹೇಳಿಕೊಡಬೇಡಿ. ಬಿರುಕು ಬಿಟ್ಟ ವಿಗ್ರಹಕ್ಕೆ ಪೂಜೆ ಇಲ್ಲ, ಅದನ್ನು ಹೊಳೆಗೆ ಬಿಡುತ್ತಾರೆ. ಉಳಿಪೆಟ್ಟಿಗೆ ಒಡೆದುಹೋದ ಕಲ್ಲುಗಳ ಮೇಲೆ ಯಾರೂ ಗಾದೆ ಕಟ್ಟಿಲ್ಲ, ಅಷ್ಟೆ.

ನನಗೆ ಬಿದ್ದ ಪೆಟ್ಟು ದೊಡ್ಡದೇನಲ್ಲ. ಯಾರೂ ಕೈ ಎತ್ತಲಿಲ್ಲ, ಯಾರೂ ಕೆಟ್ಟದಾಗಿ ನೋಡಲಿಲ್ಲ. ಅದಕ್ಕೇ ಇದನ್ನು ಹೇಳುವುದು ಕಷ್ಟ. ‘ಅಷ್ಟೇನಾ?’ ಎಂದು ಕೇಳುವವರು ಕಾದು ಕೂತಿರುತ್ತಾರೆ. ಕೇಳಲಿ.

ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಆಹಾರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೆ. ಕೊನೆಯ ಸೆಮಿಸ್ಟರ್ ಪೂರ್ತಿ ಯಾವುದಾದರೂ ಕೆಲಸದ ಜಾಗದಲ್ಲಿದ್ದು ಕಲಿಯಬೇಕು. ಅಲ್ಲಿಯ ಮೇಲಧಿಕಾರಿ ಕೊಡುವ ಮಾರ್ಕ್ಸ್ ಇಲ್ಲದಿದ್ದರೆ ಡಿಗ್ರಿ ಇಲ್ಲ. ನನಗೆ ಸಿಕ್ಕಿದ್ದು ಹುದಿಕೇರಿಯಿಂದ ಕುಟ್ಟದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಕಾಫಿ ಎಸ್ಟೇಟ್. ನಮ್ಮದೇ ಜಿಲ್ಲೆ. ಮಡಿಕೇರಿ ಹತ್ತಿರದ ಹಳ್ಳಿಯ ದೇವಸ್ಥಾನದಲ್ಲಿ ಅಪ್ಪ ಪೂಜೆ ಮಾಡುತ್ತಿದ್ದರು, ಭಾನುವಾರ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ. ‘ಪುಣ್ಯ ಮಾಡಿದ್ದೀಯ’ ಎಂದು ಗೆಳತಿಯರು ಹೊಟ್ಟೆಕಿಚ್ಚು ಪಟ್ಟರು.

ಈಗೀಗ ಎಸ್ಟೇಟ್ ಎಂದರೆ ಬರೀ ಲೆಕ್ಕ ಬರೆಯುವ ರೈಟರ್, ಆಳುಗಳ ಲೈನ್ ಮನೆ, ಹಣ್ಣು ಕೊಯ್ಯುವ ಪಿಕ್ಕಿಂಗ್ ಅಲ್ಲ. ಹಣ್ಣನ್ನು ಡ್ರಮ್ಮಿನಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ, ಒಣಗಿಸಿ, ಹುರಿದು, ಅದಕ್ಕೊಂದು ಚೆಂದದ ಹೆಸರಿಟ್ಟು ಹೊರದೇಶಕ್ಕೆ ಮಾರುತ್ತಾರೆ. ಅದರ ರುಚಿ ನೋಡಲಿಕ್ಕೆ ಕಾಫಿ ಒಣಗಿಸುವ ಕಣದ ಪಕ್ಕ ಗಾಜಿನ ಕಿಟಕಿಯ ಒಂದು ಲ್ಯಾಬ್ ಇತ್ತು. ಲ್ಯಾಬಿಗೆ ಒಬ್ಬರು ಮುಖ್ಯಸ್ಥರು, ಬೆಂಗಳೂರಿನವರು, ರುಚಿ ನೋಡುವ ವಿದ್ಯೆಯನ್ನು ವಿದೇಶದಲ್ಲಿ ಕಲಿತು ಬಂದವರು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಅವರ ಕೈಕೆಳಗೆ ಇಬ್ಬರು ಕೆಲಸದವರು, ಆಮೇಲೆ ಇಂಟರ್ನ್‌ಗಳು ನಾವಿಬ್ಬರು. ನನ್ನ ಜೊತೆಯವಳು ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಹುಡುಗಿ, ನನ್ನದೇ ಕ್ಲಾಸು, ಕ್ವಾರ್ಟರ್ಸಿನಲ್ಲಿ ನನ್ನದೇ ಕೋಣೆ.

ಮೊದಲ ದಿನವೇ ನಾನು ಎಡವಟ್ಟು ಮಾಡಿಕೊಂಡೆ. ಮೇಜಿನ ಮೇಲೆ ಸಾಲಾಗಿ ಪಿಂಗಾಣಿ ಬಟ್ಟಲುಗಳು. ಕಾಫಿಪುಡಿಯ ಮೇಲೆ ಬಿಸಿನೀರು ಸುರಿದು, ಮೇಲೆ ಕಟ್ಟಿದ ಗಸಿಯ ಕೆನೆಯನ್ನು ಒಡೆದು, ಒಬ್ಬೊಬ್ಬರೂ ಚಮಚದಲ್ಲಿ ತೆಗೆದು ಸೊರ್ ಎಂದು ಎಳೆದು ರುಚಿ ನೋಡಿ ಉಗುಳಬೇಕು. ಒಬ್ಬರು ಬಾಯಿಗಿಟ್ಟ ಚಮಚವನ್ನು ಒಂದು ಲೋಟ ನೀರಿನಲ್ಲಿ ಅದ್ದಿ ಮತ್ತೆ ಅದೇ ಬಟ್ಟಲಿಗೆ ಹಾಕುತ್ತಾರೆ. ನನ್ನ ಸರದಿ ಬಂದಾಗ ನನ್ನ ಕೈ ಚಮಚದ ಕಡೆ ಹೋಗಲೇ ಇಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ನೀರು, ಕಾಫಿ, ಮಜ್ಜಿಗೆ ಎಲ್ಲವನ್ನೂ ತುಟಿ ತಾಗಿಸದೆ ಎತ್ತಿ ಕುಡಿದವಳು. ನನ್ನ ಎಂಜಲು ಇನ್ನೊಬ್ಬರಿಗೆ ತಾಗಿಸುವುದು ಮಹಾ ಅಸಭ್ಯತೆ ಎಂದು ತಲೆಯಲ್ಲಿ ಕೂತಿದೆ. ಬಟ್ಟಲನ್ನೇ ಎರಡೂ ಕೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ಮಾಡಿ, ಮೇಲಿನಿಂದ ಬಾಯಿಗೆ ಸುರಿದುಕೊಂಡೆ. ಬಿಸಿ ಕಾಫಿ, ಅದರ ಹಿಂದೆಯೇ ಗಸಿ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

ಎಲ್ಲರೂ ನಕ್ಕರು. ನಾನೂ ನಗುತ್ತಿದ್ದೆ, ಸರ್ ಮಾತಾಡದೆ ಇದ್ದಿದ್ದರೆ. ‘ಏನಮ್ಮ, ನಮ್ಮ ಎಂಜಲು ನಿನಗೆ ಆಗಲ್ವಾ? ಇದು ದೇವಸ್ಥಾನ ಅಲ್ಲ, ಇಲ್ಲಿ ತೀರ್ಥ ಕೊಡಲ್ಲ’ ಎಂದರು.

ಆ ಪ್ರಶ್ನೆ ತಪ್ಪು ಎಂದು ನಾನು ಹೇಳಲಾರೆ. ನಮ್ಮಂಥ ಮನೆಗಳಲ್ಲಿ ಎಂಜಲು ಎಂಬ ಮಾತಿನ ಹಿಂದೆ ಏನೇನು ಬಚ್ಚಿಟ್ಟುಕೊಂಡಿದೆ ಎಂದು ನನಗೆ ಗೊತ್ತು. ಆದರೆ ನಾನು ಹೆದರಿದ್ದು ನನ್ನ ಎಂಜಲಿಗೆ, ಅವರದಕ್ಕಲ್ಲ. ಅದನ್ನು ಹೇಳುವಷ್ಟು ಉಸಿರು ಇನ್ನೂ ಬಂದಿರಲಿಲ್ಲ. ಅಂದಿನಿಂದ ನನ್ನ ಹೆಸರು ತೀರ್ಥ ಆಯಿತು. ‘ತೀರ್ಥ, ನೀರು ಕಾಯಿಸು.’ ‘ತೀರ್ಥ, ಲೋಟ ತೊಳಿ.’ ಕಣದ ಮೇಸ್ತ್ರಿಗೂ ನಾನು ತೀರ್ಥ.

ಚಮಚದಲ್ಲಿ ಎಳೆಯುವುದನ್ನು ಕಲಿತೆ. ಒಂದೇ ವಾರ. ಕೋಣೆಯಲ್ಲಿ ಜೊತೆಯವಳು ಎದುರು ಕೂತು ಹೇಳಿಕೊಟ್ಟಳು, ಇಬ್ಬರೂ ಬರೀ ನೀರನ್ನು ಸೊರ್ ಸೊರ್ ಎಂದು ಎಳೆದು ಬಿದ್ದು ಬಿದ್ದು ನಕ್ಕೆವು. ಹೊಸದನ್ನು ಕಲಿಯುವುದಕ್ಕೆ ನನ್ನದೇನೂ ತಕರಾರಿರಲಿಲ್ಲ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ. ನಾನು ಎಳೆಯುವುದನ್ನು ಕಲಿತ ಮೇಲೂ ಆ ಹೆಸರು ಹೋಗಲಿಲ್ಲ.

ಕಾಫಿಯ ರುಚಿ ನೋಡುವಾಗ ಯಾರೂ ಮಾತಾಡಬಾರದು, ಮುಖದಲ್ಲಿ ಏನನ್ನೂ ತೋರಿಸಬಾರದು, ತಮ್ಮ ತಮ್ಮ ಅಂಕ ತಾವು ಬರೆದಿಟ್ಟ ಮೇಲೆಯೇ ಬಾಯಿ ಬಿಡಬೇಕು ಎಂದು ನಾವು ಓದಿದ್ದೆವು. ಆ ಲ್ಯಾಬಿನ ಪದ್ಧತಿ ಬೇರೆ. ಸರ್ ಮೊದಲು ಎಳೆಯುತ್ತಾರೆ, ಮೊದಲು ಹೇಳುತ್ತಾರೆ. ಆಮೇಲೆ ಅವರ ಕೈಕೆಳಗಿನವರು. ಕೊನೆಗೆ ನಾವು. ಬೇರೆ ಹೇಳಿದರೆ ಸರ್ ಬೈಯುತ್ತಿರಲಿಲ್ಲ. ಹುಬ್ಬು ಏರಿಸಿ ಚಮಚವನ್ನು ಲೋಟದ ಅಂಚಿಗೆ ಟಣ್ ಎಂದು ಬಡಿಯುತ್ತಿದ್ದರು. ‘ಮತ್ತೆ ನೋಡು.’ ಮತ್ತೆ ನೋಡಿ ಅದನ್ನೇ ಹೇಳಿದರೆ, ‘ಮನೆಯಲ್ಲಿ ಬೆಲ್ಲದ ಕಾಫಿ ಕುಡಿದು ಬಂದ ನಾಲಿಗೆ, ಪಾಪ’ ಎಂದು ಉಳಿದವರ ಕಡೆ ತಿರುಗುತ್ತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಾ ನಿಲ್ಲುತ್ತಿದ್ದರು, ನಾನು ಮಾತು ಬದಲಿಸುವವರೆಗೆ. ಬದಲಿಸುತ್ತಿದ್ದೆ.

ಒಂದು ತಿಂಗಳಾಗುವಷ್ಟರಲ್ಲಿ ನನಗೆ ಹೊಸ ಅಭ್ಯಾಸ ಅಂಟಿತು. ಚಮಚ ಬಾಯಿಗಿಡುವ ಮೊದಲು ಸರ್ ಮುಖ ನೋಡುವುದು. ಅವರ ಕೆನ್ನೆ ಒಳಕ್ಕೆ ಹೋದರೆ ಹುಳಿ ಚೆನ್ನಾಗಿದೆ. ಮೂಗಿನ ಹೊಳ್ಳೆ ಅರಳಿದರೆ ಹೂವಿನ ಪರಿಮಳ ಎಂದು ಹೇಳಬೇಕು. ಕಾಫಿಯನ್ನು ಬಿಟ್ಟು ಒಬ್ಬ ಮನುಷ್ಯನ ಮುಖದ ರುಚಿ ನೋಡುವುದರಲ್ಲಿ ನಾನು ಪಳಗಿದೆ. ನನ್ನ ಅಂಕ ಅವರ ಅಂಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರತೊಡಗಿತು. ‘ಈಗ ನೋಡು, ತೀರ್ಥದ ನಾಲಿಗೆ ಟ್ಯೂನ್ ಆಗಿದೆ’ ಎಂದು ಅವರು ಬೆನ್ನು ತಟ್ಟಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ಸ್ನಾನದ ಮನೆಗೆ ಹೋಗಿ ಅತ್ತೆ. ಯಾಕೆ ಅತ್ತೆ ಎಂದು ಆಗ ಗೊತ್ತಾಗಲಿಲ್ಲ.

ದೇಹಕ್ಕೆ ಮೊದಲೇ ಗೊತ್ತಾಗಿತ್ತು. ಬೆಳಗ್ಗೆ ಲ್ಯಾಬಿನ ಬಾಗಿಲಿನಲ್ಲಿ ಚಮಚಗಳ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಒಣಗುತ್ತಿತ್ತು. ಬಾಚಣಿಗೆ ತುಂಬ ಕೂದಲು. ಉಗುಳಬೇಕಾದ ಕಾಫಿಯನ್ನು ಹೆದರಿ ನುಂಗಿಬಿಡುತ್ತಿದ್ದೆ. ‘ಎಂತ ಆತ್ ನಿಂಗೆ?’ ಎಂದು ಜೊತೆಯವಳು ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದೆ. ನಮ್ಮಲ್ಲಿ ಮನಸ್ಸಿಗೆ ಬರುವ ಎಲ್ಲ ಕಾಯಿಲೆಗೂ ಅದೊಂದೇ ಹೆಸರು.

ಯೂನಿವರ್ಸಿಟಿಯಲ್ಲಿ ನನಗೆ ಗೈಡ್ ಆಗಿದ್ದ ಮೇಡಂ ಒಳ್ಳೆಯವರು. ಫೋನ್ ಮಾಡಿ, ಬೆಳಗ್ಗೆ ಏಳುವುದಕ್ಕೇ ಭಯವಾಗುತ್ತಿದೆ ಎಂದೆ. ‘ಎಲ್ಲರಿಗೂ ಹೀಗೇ ಆಗುತ್ತಮ್ಮ. ಅಡ್ಜಸ್ಟ್ ಮಾಡ್ಕೋ. ಮಾರ್ಕ್ಸ್ ಅವರ ಕೈಯಲ್ಲಿದೆ’ ಎಂದರು. ಎಲ್ಲರಿಗೂ ಜ್ವರ ಬಂದರೆ ಊರಿಗೆ ಡಾಕ್ಟರನ್ನು ಕರೆಸುತ್ತಾರೆ. ಎಲ್ಲರಿಗೂ ಭಯ ಬಂದರೆ ಮಾತ್ರ ಅಡ್ಜಸ್ಟ್ ಮಾಡಿಕೊಳ್ಳಬೇಕಂತೆ. ಆಗ ಹೀಗೆ ಹೇಳಲು ತೋಚಲಿಲ್ಲ, ‘ಆಯ್ತು ಮೇಡಂ’ ಎಂದೆ.

ಕಣ್ಣು ತೆರೆಸಿದ್ದು ಅಮ್ಮನ ಅಡಿಗೆ. ನಮ್ಮ ಮನೆಯಲ್ಲಿ ದೇವರಿಗೆ ನೈವೇದ್ಯವಾಗುವವರೆಗೆ ಅಡಿಗೆಯ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ‘ಹಬೆ ತಾನಾಗಿ ಮೂಗಿಗೆ ಬಂದರೆ ದೇವರೂ ತಡೆಯುವುದಿಲ್ಲ’ ಎಂದು ಅಪ್ಪ ಚಿಕ್ಕಂದಿನಲ್ಲಿ ನನ್ನನ್ನು ಒಲೆಯ ಹತ್ತಿರ ಕೂರಿಸುತ್ತಿದ್ದರು. ಹಬೆಯಲ್ಲೇ ಹುಳಿ, ಇಂಗು, ಖಾರ ಎಲ್ಲ ಹೇಳಿಬಿಡುತ್ತಿದ್ದೆ. ನೈವೇದ್ಯವಾದ ಮೇಲೆ ಎಲ್ಲರೂ ಸುಮ್ಮನೆ ಉಣ್ಣುತ್ತಾರೆ, ಯಾಕೆಂದರೆ ಅದು ಆಗಲೇ ಪ್ರಸಾದ, ಪ್ರಸಾದಕ್ಕೆ ಹೆಸರಿಡಬಾರದು. ಹೆಸರಿಡುತ್ತಿದ್ದವಳು ನಾನೊಬ್ಬಳೇ. ‘ಇವಳು ಮದುವೆಯಾದ ಮನೆಯಲ್ಲಿ ಅತ್ತೆಯ ಗತಿ ಏನೋ’ ಎಂದು ಅಮ್ಮ ಗೊಣಗುತ್ತಲೇ ಮರುದಿನ ನಾನು ಹೇಳಿದಂತೆ ಸರಿ ಮಾಡುತ್ತಿದ್ದಳು.

ಆ ಫೋನಿನ ನಂತರದ ಭಾನುವಾರ ಮನೆಗೆ ಹೋದಾಗ ಅಮ್ಮ ಸಾರು ಬಡಿಸಿ, ‘ಹೇಗಿದೆಯೇ?’ ಎಂದಳು. ನಾನು ತುತ್ತು ಬಾಯಿಗಿಟ್ಟು ಅಪ್ಪನ ಮುಖ ನೋಡಿದೆ. ಅಪ್ಪ ಎಂದಿನಂತೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ‘ಚೆನ್ನಾಗಿದೆ’ ಎಂದೆ. ಎರಡನೇ ಸಲ ಹಾಕಿಸಿಕೊಂಡೂ ಉಂಡೆ. ಕೊನೆಗೆ ಅಮ್ಮ ಊಟಕ್ಕೆ ಕೂತವಳು ಒಂದು ತುತ್ತು ಬಾಯಿಗಿಟ್ಟು ಕೈ ಹಿಂದಕ್ಕೆ ತೆಗೆದಳು. ‘ಅಯ್ಯೋ, ಉಪ್ಪೇ ಹಾಕಿಲ್ಲ! ನೀವಿಬ್ಬರೂ ಹೇಗೆ ಉಂಡಿರಿ?’

‘ನಾನು ಪ್ರಸಾದ ಅಂತ ಉಂಡೆ’ ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿದರು. ‘ನಿನಗೇನಾಯ್ತು ಪುಟ್ಟಿ? ನೀನು ಹೆಸರಿಡದೆ ಊಟ ಮಾಡಿದವಳೇ ಅಲ್ಲ.’

ನನಗೆ ಉಪ್ಪಿಲ್ಲ ಎಂದು ಗೊತ್ತೇ ಆಗಿರಲಿಲ್ಲ. ಎದ್ದು ಹೋಗಿ ಡಬ್ಬಿಯಿಂದ ನಾಲ್ಕು ಹರಳು ಉಪ್ಪು ತೆಗೆದು ನಾಲಿಗೆಯ ಮೇಲಿಟ್ಟುಕೊಂಡೆ. ಉಪ್ಪು ಉಪ್ಪಾಗಿಯೇ ಇತ್ತು. ಅಂದರೆ ನಾಲಿಗೆ ಸತ್ತಿರಲಿಲ್ಲ. ಯಾರಾದರೂ ಎದುರಿಗಿದ್ದರೆ ಅದು ಬಾಯಿ ತೆರೆಯಲು ಹೆದರುತ್ತಿತ್ತು. ಕುಟುಕಿದ ಹಾಗಾಯಿತು, ಆಮೇಲೆ ಸಿಟ್ಟು ಬಂತು. ಬಹಳ ದಿನದ ಮೇಲೆ ಬಂದ ಸಿಟ್ಟು, ಹೊಟ್ಟೆ ತುಂಬ ಉಂಡಷ್ಟು ಹಿತವಾಗಿತ್ತು. ಓದಿದ್ದು ರುಚಿಯ ವಿದ್ಯೆ, ಹುಟ್ಟಿದ್ದು ಈ ಮೂಗಿನ ಜೊತೆ, ಇದನ್ನೇ ಕಿತ್ತುಕೊಂಡರೆ ನನ್ನ ಹತ್ತಿರ ಇನ್ನೇನು ಉಳಿಯಿತು?

ವಾಪಸ್ ಹೋದ ವಾರವೇ ಕಾಫಿ ಕೊಳ್ಳುವವರು ಬರುವವರಿದ್ದರು. ಡ್ರಮ್ಮಿನಲ್ಲಿ ಹುಳಿ ಬರಿಸಿದ ಒಂದು ಲಾಟ್ ಕಾಫಿಯ ಬಗ್ಗೆ ಸರ್‌ಗೆ ಬಹಳ ಆಸೆ. ಹಿಂದಿನ ದಿನ ಎಲ್ಲರನ್ನೂ ನಿಲ್ಲಿಸಿ, ‘ನಾಳೆ ಎಲ್ಲರದೂ ಒಂದೇ ಮಾತು. ಅನಾನಸ್, ಜೇನು. ಇಂಟರ್ನ್‌ಗಳನ್ನೂ ಕೇಳುತ್ತಾರೆ, ತೊದಲಬೇಡಿ’ ಎಂದರು. ನನ್ನ ಕಡೆ ನೋಡಿ, ‘ತೀರ್ಥ, ಎತ್ತಿ ಕುಡಿದುಬಿಟ್ಟೀಯ ಮತ್ತೆ’ ಎಂದರು. ಎಲ್ಲರೂ ನಕ್ಕರು. ಆ ಸಲ ನಾನು ನಗಲಿಲ್ಲ.

ಮರುದಿನ ಮೂವರು ಬಂದರು. ಕನ್ನಡ ಬಲ್ಲವರು ಒಬ್ಬರು, ಉಳಿದಿಬ್ಬರು ಇಂಗ್ಲಿಷ್. ಬಟ್ಟಲುಗಳ ಸುತ್ತ ನಿಂತೆವು. ಸರ್ ಎಳೆದರು, ‘ಪೈನಾಪಲ್, ಹನಿ’ ಎಂದರು. ಅವರ ಕೈಕೆಳಗಿನವರೂ ಅದನ್ನೇ ಹೇಳಿದರು. ಜೊತೆಯವಳು ನೆಲ ನೋಡಿಕೊಂಡು ‘ಪೈನಾಪಲ್’ ಎಂದಳು. ನನ್ನ ಸರದಿ. ಕತ್ತು ತಾನಾಗಿ ಸರ್ ಕಡೆ ತಿರುಗಲು ಹೊರಟಿತು. ಅದನ್ನು ತಡೆಯುವುದು ಇಷ್ಟು ಕಷ್ಟ ಎಂದುಕೊಂಡಿರಲಿಲ್ಲ, ಮೊಂಡು ಹಸುವಿನ ಹಗ್ಗ ಹಿಡಿದು ಎಳೆದಂತಾಯಿತು. ಕಣ್ಣು ಮುಚ್ಚಿದೆ. ಎಳೆದೆ. ಬಾಯಿ ತುಂಬ ಕಾಫಿ, ಸುತ್ತ ಯಾರೂ ಇಲ್ಲ.

ನನಗೆ ಅನಾನಸ್ ಸಿಗಲಿಲ್ಲ. ಅಭಿಷೇಕ ಮುಗಿದ ಮೇಲೆ ಹಿತ್ತಾಳೆ ಪಾತ್ರೆಯಲ್ಲಿ ಉಳಿದು, ಮಧ್ಯಾಹ್ನದ ಹೊತ್ತಿಗೆ ಗುಳ್ಳೆ ಎದ್ದ ಪಂಚಾಮೃತ ಸಿಕ್ಕಿತು. ಬಾಳೆಹಣ್ಣು ಕೊಳೆಯಲು ಹೊರಟಿದೆ, ಮೊಸರು ಹುಳಿಯಾಗಿದೆ, ಜೇನು ಇದೆ, ಆದರೆ ಕೈಮೀರಿದೆ.

‘ಹುಳಿ ಬಂದ ಪಂಚಾಮೃತ’ ಎಂದೆ. ‘ಹುಳಿ ಬರಿಸಿದ್ದು ಜಾಸ್ತಿಯಾಗಿದೆ.’

ಟಣ್ ಎಂದು ಚಮಚ ಬಡಿಯಿತು. ‘ಮತ್ತೆ ನೋಡು’ ಎಂದರು ಸರ್.

ಮತ್ತೆ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ಅದೇ ಸರ್’ ಎಂದೆ. ಕನ್ನಡ ಬಲ್ಲವರು ಉಳಿದಿಬ್ಬರಿಗೆ ಪಂಚಾಮೃತ ಎಂದರೇನು ಎಂದು ವಿವರಿಸಿದರು. ಅವರು ತಲೆ ಆಡಿಸಿ ಇನ್ನೊಮ್ಮೆ ಎಳೆದು, ತಮ್ಮ ತಮ್ಮೊಳಗೆ ಏನೋ ಮಾತಾಡಿಕೊಂಡರು.

ಇಲ್ಲಿ ನಾನು ಗೆದ್ದೆ ಎಂದು ನೀವು ಕಾಯುತ್ತಿದ್ದರೆ, ಇಲ್ಲ. ಅವರು ಆ ಲಾಟನ್ನು ಪೂರ್ತಿ ಕೊಂಡರು. ಅವರ ಊರಿನಲ್ಲಿ ಅಂಥ ರುಚಿಗೇ ಗಿರಾಕಿಗಳಿದ್ದರೋ, ನನ್ನ ಮಾತು ಬರೀ ತಮಾಷೆ ಎನಿಸಿತೋ, ನನಗಿವತ್ತಿಗೂ ಗೊತ್ತಿಲ್ಲ. ನಾನು ಹೇಳಿದ್ದೇ ತಪ್ಪಿರಬಹುದು. ಇರಲಿ. ತಪ್ಪಾದರೂ ಅದು ನನ್ನದೇ ಬಾಯಿಂದ ಬಂದ ತಪ್ಪು.

ಅವರ ಕಾರು ಗೇಟು ದಾಟಿದ ಮೇಲೆ ಸರ್ ನನ್ನನ್ನು ಕೋಣೆಗೆ ಕರೆದರು. ‘ಯಾರ ಮುಂದೆ ಏನು ಮಾತಾಡಬೇಕು ಅಂತ ಮನೆಯಲ್ಲಿ ಹೇಳಿಕೊಟ್ಟಿಲ್ವಾ? ನಾಳೆ ಎಲ್ಲರ ಎದುರು ಸಾರಿ ಕೇಳು. ಇಲ್ಲಾಂದ್ರೆ ಮಾರ್ಕ್ಸ್ ಮರೆತುಬಿಡು.’

‘ನನ್ನ ನಾಲಿಗೆ ತಪ್ಪಿದ್ದರೆ ಎಲ್ಲಿ ತಪ್ಪಿತು ಹೇಳಿಕೊಡಿ ಸರ್, ಕಲಿಯೋದಕ್ಕೇ ಬಂದಿದ್ದೀನಿ’ ಎಂದೆ. ‘ನಿಮ್ಮ ಮುಖ ನೋಡಿ ರುಚಿ ಹೇಳೋದು ಮಾತ್ರ ಇನ್ನು ಆಗಲ್ಲ. ಇನ್ನೊಂದು, ನನ್ನ ಹೆಸರು ತೀರ್ಥ ಅಲ್ಲ.’ ಮಾತು ಪೂರ್ತಿ ಹೊರಗೆ ಬಂತು.

ಕೋಣೆಗೆ ಬಂದರೆ ಜೊತೆಯವಳು ಮಂಚದ ಮೇಲೆ ಮುದುಡಿ ಕೂತಿದ್ದಳು. ನನ್ನ ಮೇಲೆ ಸಿಟ್ಟೇನೋ ಎಂದುಕೊಂಡೆ. ‘ಮಾರಾಯ್ತಿ, ಅದು ಪೈನಾಪಲ್ಲಾ, ಪಂಚಾಮೃತವಾ, ನಂಗೆ ಎಂತದೂ ಗೊತ್ತಾದುಲೆ’ ಎಂದಳು. ಬಂದ ಎರಡನೇ ವಾರದಿಂದಲೇ ಅವಳಿಗೆ ಯಾವ ರುಚಿಯೂ ತಿಳಿಯುತ್ತಿರಲಿಲ್ಲವಂತೆ. ನನಗೆ ಸೊರ್ ಎಂದು ಎಳೆಯಲು ಕಲಿಸಿ ನಗಿಸಿದವಳು. ಒಂದೇ ಕೋಣೆಯಲ್ಲಿ ಮಲಗಿ, ಇಬ್ಬರೂ ಒಂದೇ ಕಾಯಿಲೆಯನ್ನು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡಿದ್ದೆವು. ಇಬ್ಬರೂ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದೆವು.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ದೊಡ್ಡವರಿಗೆ ಎದುರಾಡಿದ್ದಕ್ಕೆ ಬೈಯುತ್ತಾರೆ ಎಂದು ಕಾದೆ. ‘ಪ್ರಸಾದಕ್ಕೆ ಹೆಸರಿಡಬಾರದು ಪುಟ್ಟಿ’ ಎಂದರು. ಆಮೇಲೆ, ‘ಆ ಕಾಫಿ ಪ್ರಸಾದ ಅಲ್ಲವಲ್ಲ’ ಎಂದರು.

ಸಾರಿ ಕೇಳಲಿಲ್ಲ. ಉಳಿದ ವಾರಗಳನ್ನು ಬಿಡದೆ ಪೂರೈಸಿದೆ. ದಿನಾ ಕಣ್ಣು ಮುಚ್ಚಿ ಎಳೆದೆ, ನನಗೆ ಸಿಕ್ಕಿದ್ದನ್ನೇ ಹೇಳಿದೆ. ಕೆಲವು ಸಲ ಸರ್ ಹೇಳಿದ್ದೇ ನನಗೂ ಸಿಕ್ಕಿತು, ಆಗ ಹಾಗೆಂದೇ ಹೇಳಿದೆ. ಹಟಕ್ಕೆ ಬಿದ್ದು ಬೇರೆ ಹೇಳಿದರೆ ಅದೂ ಅವರ ಮುಖ ನೋಡಿ ಹೇಳಿದಂತೆಯೇ ಅಲ್ಲವೇ. ಎದೆಬಡಿತ ಒಮ್ಮೆಗೇ ಹೋಗಲಿಲ್ಲ, ಆದರೆ ಬಾಯಿ ಒಣಗುವುದು ನಿಂತಿತು.

ಮಾರ್ಕ್ಸ್ ಬಂತು. ಫೇಲು. ಷರಾದಲ್ಲಿ, ತಂಡಕ್ಕೆ ಹೊಂದಿಕೊಳ್ಳುವುದಿಲ್ಲ, ಹಿರಿಯರ ತೀರ್ಮಾನಕ್ಕೆ ಗೌರವವಿಲ್ಲ ಎಂದಿತ್ತು. ಗೈಡ್ ಮೇಡಂ ತಕ್ಷಣ ಬರಹೇಳಿದರು. ಬಸ್ಸು ತಿತಿಮತಿ ಕಾಡಿನಲ್ಲಿ ಆನೆ ದಾಟಲೆಂದು ನಿಂತಿದ್ದಾಗಲೂ ಅವರ ಫೋನೇ. ‘ಬೇಗ ಬಾ, ಇವತ್ತೇ ಆಗಬೇಕು.’

ಡಿಪಾರ್ಟ್‌ಮೆಂಟಿನ ಕೋಣೆಯಲ್ಲಿ ಮೇಡಂ ಒಬ್ಬರೇ ಇದ್ದರು. ನನ್ನ ಪರವಾಗಿ ಸರ್ ಜೊತೆ ಮಾತಾಡಿ, ಒಂದು ಕ್ಷಮಾಪಣೆ ಪತ್ರ ಟೈಪ್ ಮಾಡಿಸಿ ಇಟ್ಟಿದ್ದರು. ಆ ದಿನ ನನ್ನ ರುಚಿಗ್ರಹಣ ತಪ್ಪಾಗಿತ್ತು, ಸಂಸ್ಥೆಯ ನಿರ್ಣಯವೇ ಸರಿ ಎಂದು ಒಪ್ಪುತ್ತೇನೆ, ಇಷ್ಟೇ. ಸಹಿ ಹಾಕಿದರೆ ಸಂಜೆಯೊಳಗೆ ಮಾರ್ಕ್ಸ್ ತಿದ್ದುತ್ತಾರೆ. ಹಾಕದಿದ್ದರೆ ಮುಂದಿನ ವರ್ಷ ಇನ್ನೊಂದು ಕಡೆ ಮೊದಲಿನಿಂದ ಇಂಟರ್ನ್‌ಶಿಪ್.

‘ಹಾಕಲ್ಲ ಮೇಡಂ’ ಎಂದೆ.

‘ಒಂದು ವರ್ಷ ಹಾಳಾಗುತ್ತಮ್ಮ.’

‘ಆಗಲಿ.’

‘ಒಂದು ಸಹಿಯಿಂದ ಏನೂ ಆಗಲ್ಲ. ನನ್ನ ಕಾಲದಲ್ಲಿ ನಾನೂ ಇಂಥದೇ ಒಂದಕ್ಕೆ ಹಾಕಿದ್ದೆ’ ಎಂದರು. ದನಿ ತಗ್ಗಿತ್ತು. ನನ್ನನ್ನು ಉಳಿಸಬೇಕೆಂದೇ ಹೇಳಿದರು, ಅದರಲ್ಲಿ ನನಗೆ ಅನುಮಾನವಿಲ್ಲ.

ಕಾಗದವನ್ನು ಅವರ ಕಡೆಗೇ ಸರಿಸಿದೆ. ‘ಆ ಸಹಿ ಹಾಕೋ ಮೊದಲು ನೀವು ಹೇಳಿದ್ದು ಸರಿ ಇತ್ತಾ ಮೇಡಂ?’ ಎಂದು ಕೇಳಿದೆ.

ಕೋಣೆಯಲ್ಲಿ ನಾವಿಬ್ಬರೇ. ಆದರೂ ಮೇಡಂ ಬಾಯಿ ತೆರೆಯುವ ಮೊದಲು ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೇನೋ ಎಂದು. ತಲೆ ಎಲ್ಲ ಬೆಳ್ಳಗಾಗುತ್ತಾ ಬಂದಿತ್ತು ಅವರಿಗೆ. ಉತ್ತರಕ್ಕೆ ಕಾಯದೆ ನಾನು ನಮಸ್ಕಾರ ಮಾಡಿ ಹೊರಗೆ ಬಂದು, ಮುಂದಿನ ವರ್ಷಕ್ಕೆ ಮತ್ತೆ ಹೆಸರು ಬರೆಸುವವರ ಸಾಲಿನಲ್ಲಿ ನಿಂತೆ.